ಡಬ್ಬಿ ಕೊಳ್ಳುವ ಮುಂಚೆ ಬಾನೆಟ್ ಮೇಲೆ ನೀರು ಚಿಮುಕಿಸಿ

ಆಯುಧಪೂಜೆ ಹತ್ತಿರ ಬಂತೆಂದರೆ ಮೈಸೂರಿನ ಕಾರು ಸಾಮಾನಿನ ಅಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ಯಾವ ವ್ಯಾಕ್ಸ್ ಚೆನ್ನಾಗಿದೆ ಸಾರ್?’ ಉತ್ತರವಾಗಿ ಸಾಮಾನ್ಯವಾಗಿ ಮೇಲಿನ ಕಪಾಟಿನ ದುಬಾರಿ ಡಬ್ಬಿ ಕೆಳಗಿಳಿಯುತ್ತದೆ. ಗಾಡಿ ಶೆಡ್ಡಿನಲ್ಲಿ ನಿಲ್ಲುತ್ತದೋ, ಬಿಸಿಲಲ್ಲೋ, ಮರದಡಿಯೋ ಎಂದು ಯಾರೂ ಕೇಳುವುದಿಲ್ಲ. ವ್ಯಾಕ್ಸ್, ಅಂದರೆ ಕಾರಿನ ಬಣ್ಣದ ಮೇಲೆ ಹಚ್ಚುವ ಮೇಣ, ಆರಿಸುವುದು ಆ ಪ್ರಶ್ನೆಯಿಂದಲೇ ಶುರುವಾಗಬೇಕು.

ಅದಕ್ಕೂ ಮೊದಲು ಇನ್ನೊಂದು ಕೆಲಸ. ತೊಳೆದ ಬಾನೆಟ್ ಮೇಲೆ ಒಂದು ಚೊಂಬು ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆಯ ಮೇಲಿನಂತೆ ಹನಿ ಗುಂಡಗೆ ನಿಂತು ಉರುಳಿದರೆ ಹಳೆಯ ವ್ಯಾಕ್ಸ್ ಇನ್ನೂ ಇದೆ, ದುಡ್ಡು ಉಳಿಯಿತು. ನೀರು ಚಪ್ಪಟೆಯಾಗಿ ಹರಡಿ ಕೂತರೆ ವ್ಯಾಕ್ಸ್ ಹೋಗಿದೆ. ಕೆಸುವಿನ ಹೋಲಿಕೆ ಬರೀ ಚಂದಕ್ಕೆ ಹೇಳಿದ್ದಲ್ಲ. ಆ ಎಲೆಯ ಮೇಲೂ ಮೇಣದ್ದೇ ಸೂಕ್ಷ್ಮ ಪದರವಿರುತ್ತದೆ.

ಪಾಲಿಷ್ ಬೇರೆ, ವ್ಯಾಕ್ಸ್ ಬೇರೆ

ನಮ್ಮ ಕಡೆ ಎರಡಕ್ಕೂ ‘ಪಾಲಿಷ್ ಹೊಡೀರಿ’ ಅಂತಲೇ ಹೇಳುತ್ತೇವೆ. ಎಡವಟ್ಟು ಅಲ್ಲೇ ಆಗುವುದು. ಪಾಲಿಷ್, ರಬ್ಬಿಂಗ್ ಕಾಂಪೌಂಡ್ ಎಂದರೆ ಬಣ್ಣದ ಮೇಲ್ಪದರವನ್ನು ಸವೆಸಿ ಗೀರು ತೆಗೆಯುವ ವಸ್ತು. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ಹೊದಿಕೆ ಹೊದಿಸುತ್ತದೆ ಅಷ್ಟೆ. ಈಗಿನ ಕಾರುಗಳ ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಸುಮಾರು 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು. ವರ್ಷಕ್ಕೆರಡು ಸಲ ಕಾಂಪೌಂಡ್ ಹಾಕಿ ಉಜ್ಜಿದರೆ ಅದು ಎಷ್ಟು ದಿನ ಉಳಿದೀತು?

ಹಳೇ ಪದ್ಮಿನಿ, ಅಂಬಾಸಡರ್‌ಗಳಿಗೆ ಆ ಕ್ಲಿಯರ್ ಕೋಟ್ ಕೂಡ ಇರಲಿಲ್ಲ. ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತದೆ. ನಮ್ಮ ಮನೆಯ ಪದ್ಮಿನಿಯನ್ನು ಉತ್ಸಾಹದಿಂದ ಉಜ್ಜಿ ಉಜ್ಜಿ ಬಾನೆಟ್ಟಿನ ಅಂಚಿನಲ್ಲಿ ಬಣ್ಣದಡಿಯ ಬೂದು ಪ್ರೈಮರ್ ಕಾಣುವಂತೆ ಮಾಡಿದವನು ನಾನೇ. ಅಂಚುಗಳಲ್ಲಿ ಬಣ್ಣ ಯಾವಾಗಲೂ ತೆಳುವಾಗಿರುತ್ತದೆ ಅಂತ ಗೊತ್ತಾದದ್ದು ಆಮೇಲೆ. ಇನ್ನು ಸೀಮೆಎಣ್ಣೆಯಲ್ಲಿ ಒರೆಸುವ ಹಳೇ ಡ್ರೈವರ್‌ಗಳ ಉಪಾಯ: ಸಂಜೆವರೆಗೆ ಹೊಳಪು, ಮಾರನೇ ದಿನ ಅದರ ಮೇಲೆ ಅಂಟಿದ ಧೂಳು.

ಯಾವುದು ಯಾರಿಗೆ?

ಡಬ್ಬಿಗಳ ಮೇಲೆ ಹೆಚ್ಚು ಮೆರೆಯುವ ಹೆಸರು ಕಾರ್ನೂಬಾ. ಇದು ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಅಲ್ಲಿನ ಬಿಸಿಲಿಗೆ ಎಲೆ ಒಣಗದಿರಲೆಂದು ಮರವೇ ಬಳಿದುಕೊಳ್ಳುವ ಲೇಪ. ಎಲೆ ಕತ್ತರಿಸಿ, ಒಣಗಿಸಿ, ಬಡಿದು ಉದುರಿಸುತ್ತಾರೆ. ಜೇನುಮೇಣ 62–64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಕರಗಲು 82–86 ಡಿಗ್ರಿ ಬೇಕು. ‘ನೂರಕ್ಕೆ ನೂರು ಕಾರ್ನೂಬಾ’ ಎಂಬ ಬರಹಕ್ಕೆ ಮಾತ್ರ ಮರುಳಾಗಬೇಡಿ. ಶುದ್ಧ ಕಾರ್ನೂಬಾ ಕಲ್ಲಿನಷ್ಟು ಗಟ್ಟಿ. ಎಣ್ಣೆ, ದ್ರಾವಕ, ಬೇರೆ ಮೇಣ ಬೆರೆಸದೆ ಅದನ್ನು ಕಾರಿಗೆ ಹಚ್ಚಲು ಆಗುವುದೇ ಇಲ್ಲ.

ಕಾರ್ನೂಬಾದ ಹೊಳಪಿಗೊಂದು ಆಳವಿದೆ. ಕಪ್ಪು, ಮರೂನ್, ಕಡುನೀಲಿ ಗಾಡಿಗಳಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಬಾಳಿಕೆ ಕಡಿಮೆ, ದಿನವೂ ಬಿಸಿಲಲ್ಲಿ ನಿಲ್ಲುವ ಗಾಡಿಗೆ ಒಂದೆರಡು ತಿಂಗಳು. ಶೆಡ್ಡಿನಲ್ಲಿದ್ದು ಭಾನುವಾರ ಮಾತ್ರ ಹೊರಬರುವ ಮುದ್ದಿನ ಗಾಡಿಗೆ ಇದೇ ಸರಿ, ಹಚ್ಚುವ ಕೆಲಸವೂ ಒಂದು ಸುಖ. ಸರಸ್ವತಿಪುರಂನ ಮರದಡಿ, ಕುವೆಂಪುನಗರದ ರಸ್ತೆಬದಿ ರಾತ್ರಿಹಗಲು ನಿಲ್ಲುವ ಗಾಡಿಗೆ ‘ಸೀಲೆಂಟ್’ ಎನ್ನುವ ಕೃತಕ ಪಾಲಿಮರ್ ಕೊಳ್ಳಿ. ಹೊಳಪು ತುಸು ಗಾಜಿನಂತೆ, ಆದರೆ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಹಕ್ಕಿಯ ಹಿಕ್ಕೆ ಬಣ್ಣವನ್ನು ಕೊರೆಯುವ ಮುಂಚೆ ತೊಳೆಯಲು ಸಮಯ ಕೊಡುತ್ತದೆ. ಎರಡೂ ಬೇಕೆನ್ನುವವರು ಮೊದಲು ಸೀಲೆಂಟ್, ಮಾರನೇ ದಿನ ಮೇಲೆ ಕಾರ್ನೂಬಾ ಹಾಕಲಿ. ತಿರುಗುಮುರುಗಾದರೆ ಸೀಲೆಂಟ್ ಹಿಡಿಯುವುದಿಲ್ಲ.

ಡಬ್ಬಿಯ ಮೇಲೆ ‘ಕ್ಲೀನರ್ ವ್ಯಾಕ್ಸ್’ ಎಂದಿದ್ದರೆ ಅದರಲ್ಲಿ ಸವೆಸುವ ಪುಡಿಯೋ ಕೊಳೆ ಕರಗಿಸುವ ರಾಸಾಯನಿಕವೋ ಇರುತ್ತದೆ ಎಂದರ್ಥ. ಮಂಕಾದ ಹಳೇ ಬಣ್ಣಕ್ಕೆ ಒಮ್ಮೆ ಸರಿ, ಹೊಸ ಗಾಡಿಗೆ ಬೇಡ. ಟಿಂಕರಿಂಗ್ ಮಾಡಿಸಿ ಹೊಸದಾಗಿ ಬಣ್ಣ ಹೊಡೆಸಿದ್ದರೆ ಒಂದರಿಂದ ಮೂರು ತಿಂಗಳು ಯಾವ ವ್ಯಾಕ್ಸೂ ಬೇಡ, ಒಳಗಿನ ದ್ರಾವಕ ಆರಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಮಾಮೂಲಿ ವ್ಯಾಕ್ಸ್ ಎಂದಿಗೂ ಬೇಡ.

ಹಚ್ಚುವ ದಿನ

ಬೆಳಿಗ್ಗೆ ಬೇಗ, ನೆರಳಲ್ಲಿ. ಬಾನೆಟ್ ಕೈಗೆ ತಣ್ಣಗಿರಬೇಕು, ಇಲ್ಲದಿದ್ದರೆ ವ್ಯಾಕ್ಸ್ ಹಚ್ಚುತ್ತಲೇ ಒಣಗಿ ಪಟ್ಟೆ ಬೀಳುತ್ತದೆ. ಮಂಡ್ಯದ ನಮ್ಮ ಭಾವನ ಗಾಡಿ ಆಲೆಮನೆ ಪಕ್ಕದಲ್ಲೇ ನಿಲ್ಲುತ್ತದೆ. ರಚ್ಚು, ಅಂದರೆ ಕಬ್ಬಿನ ಸಿಪ್ಪೆ, ಉರಿಸಿದ ಬೂದಿ, ಮಸಿ ಬೆಳಗಾಗುವಷ್ಟರಲ್ಲಿ ಮೇಲೆಲ್ಲ. ಅವರು ಅದನ್ನು ಹಳೇ ಪಂಚೆಯಲ್ಲಿ ಒಣಗಿದ್ದಂತೆಯೇ ಒರೆಸುತ್ತಾರೆ. ‘ಭಾವ, ಅದು ಒರೆಸೋದಲ್ಲ, ಉಪ್ಪುಕಾಗದ ಹಾಕೋದು’ ಎಂದರೆ ನಗುತ್ತಾರೆ. ಮೊದಲು ನೀರು ಬಿಟ್ಟು ಇಳಿಸಿ, ಆಮೇಲೆ ಕಾರ್ ಶಾಂಪೂ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಪುಡಿ ಹಾಕಿದರೆ ಇದ್ದ ವ್ಯಾಕ್ಸೂ ಹೋಗುತ್ತದೆ. ಬೋರ್‌ವೆಲ್ ನೀರಾದರೆ ತಾನಾಗಿ ಆರಲು ಬಿಡಬೇಡಿ, ಬಿಳಿ ಕಲೆ ಉಳಿಯುತ್ತದೆ.

ಒಣಗಿಸಿದ ಮೇಲೆ ಕೈಗೊಂದು ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ಬರಿಗೈಗೆ ತಿಳಿಯದ ತರಿ ಕವರಿನಲ್ಲಿ ಗೊತ್ತಾಗುತ್ತದೆ. ತರಿತರಿ ಇದ್ದರೆ ಕ್ಲೇ ಬಾರ್ ಎನ್ನುವ ಜೇಡಿಯಂಥ ಮುದ್ದೆಯಿಂದ, ಜಾರಲು ಅದಕ್ಕೆಂದೇ ಸಿಗುವ ದ್ರವ ಸಿಂಪಡಿಸಿಕೊಂಡು, ಮೆಲ್ಲಗೆ ತೆಗೆಯಿರಿ. ಆ ಮುದ್ದೆ ನೆಲಕ್ಕೆ ಬಿತ್ತೋ, ಎಸೆಯಿರಿ. ಮರಳು ಹತ್ತಿದ ಕ್ಲೇ ಗೀರು ಹಾಕುತ್ತದೆ.

ಇನ್ನು ವ್ಯಾಕ್ಸ್. ಸ್ಪಂಜಿನ ಮೇಲೆ ರೂಪಾಯಿ ನಾಣ್ಯದಷ್ಟು ಸಾಕು. ಒಂದು ಬಾಗಿಲು ಮುಗಿಸಿ ಇನ್ನೊಂದು. ದೋಸೆಗೆ ಎಣ್ಣೆ ಸವರಿದಂತೆ ತೆಳುವಾಗಿರಲಿ, ದಪ್ಪ ಬಳಿದದ್ದು ಹೆಚ್ಚು ಬಾಳುವುದಿಲ್ಲ, ಒರೆಸುವ ಕೈ ನೋಯುತ್ತದೆ ಅಷ್ಟೆ. ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿಳಿಚಿದ ಕಲೆ ಸುಲಭವಾಗಿ ಹೋಗದು. ಮಂಜು ಕವಿದಂತಾದಾಗ ಬೆರಳಿಂದ ಒಮ್ಮೆ ಎಳೆದು ನೋಡಿ: ಎಳೆದ ಜಾಗ ಸ್ವಚ್ಛವಾಗಿ ಹೊಳೆದರೆ ಒರೆಸುವ ಹೊತ್ತು ಬಂತು, ಕಲಸಿಕೊಂಡರೆ ಇನ್ನಷ್ಟು ಕಾಯಿರಿ. ಒರೆಸಲು ಮೈಕ್ರೋಫೈಬರ್ ಬಟ್ಟೆ ಎರಡಿರಲಿ, ಹಳೇ ಬನಿಯನ್ ಬೇಡ, ಅದರ ಹೊಲಿಗೆಯೇ ಗೀರುತ್ತದೆ.

ಇದೆಲ್ಲ ಪೂಜೆಗೆ ಎರಡು ದಿನ ಮುಂಚೆ ಮುಗಿದಿರಲಿ. ಬಿಳಿ ಗಾಡಿಯ ಮೇಲಿನ ಅರಿಶಿನ ಕುಂಕುಮ ವ್ಯಾಕ್ಸ್ ಇದ್ದರೆ ಸುಲಭವಾಗಿ ಬಿಡುತ್ತದೆ, ಇಲ್ಲದಿದ್ದರೆ ಹಳದಿ ನೆರಳು ಉಳಿಯಬಹುದು. ಮಾರನೇ ದಿನ ಅದನ್ನೂ ಒಣಗಿದ್ದಂತೆಯೇ ಉಜ್ಜಬೇಡಿ, ಮೊದಲು ನೀರು. ಹಾರ ಕಟ್ಟುವಾಗ ದಾರದ ಗಂಟು ಬಣ್ಣಕ್ಕೆ ತಾಗದಿರಲಿ. ಬೂದುಗುಂಬಳ ಒಡೆಯುವವರನ್ನು ಗಾಡಿಯಿಂದ ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ.