ಬೆನ್ನಿನಲ್ಲಿ ರಾಡ್ ಇದೆ, ನೋವು ಮತ್ತೆ ಶುರುವಾಗಿದೆ: ಇಂಗ್ಲೆಂಡಿನಲ್ಲಿರುವವರು ಏನು ಮಾಡಬೇಕು?

ಹೈಸ್ಕೂಲಿನಲ್ಲಿದ್ದಾಗ ಸ್ಕೋಲಿಯೋಸಿಸ್‌ಗೆ, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆಗೆ, ಆಪರೇಷನ್ ಆಗಿತ್ತು. ರಾಡ್, ಸ್ಕ್ರೂ ಹಾಕಿ ಬೆನ್ನು ನೆಟ್ಟಗೆ ಮಾಡಿದ್ದರು. ಆಮೇಲೆ ಓದು, ಕೆಲಸ, ಮದುವೆ ಎಲ್ಲ ಆಗಿ ಈಗ ಇಂಗ್ಲೆಂಡಿನಲ್ಲಿದ್ದೀರಿ. ಇಷ್ಟು ವರ್ಷ ಸುಮ್ಮನಿದ್ದ ಬೆನ್ನು ಮತ್ತೆ ನೋಯತೊಡಗಿದೆ. ಇಂಥವರು ಕೇಳುವ ಮೊದಲ ಪ್ರಶ್ನೆ, 'ಇನ್ನೊಂದು ಆಪರೇಷನ್ ಬೇಕಾಗುತ್ತಾ?' ಆದರೆ ಅದಕ್ಕೂ ಮೊದಲು ನೋವು ಯಾಕೆ ಬಂತು ಅನ್ನುವುದು ಗೊತ್ತಾಗಬೇಕು. ಕಾರಣ ಸಿಗದೆ ಆಪರೇಷನ್ ಮಾತಿಗೆ ಹೋಗಲೇಬೇಡಿ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ವ್ಯವಸ್ಥೆಯನ್ನೂ ಮೊದಲು ಆ ಕಾರಣ ಹುಡುಕುವುದಕ್ಕೇ ಬಳಸಿಕೊಳ್ಳಿ.

ದುಡ್ಡಿನ ಭಯ ಮೊದಲು ಬಿಡಿ. ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಿ, ಅಲ್ವಾ? 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೆ ಮತ್ತು 18 ತುಂಬದ ಮಕ್ಕಳಿಗೆ 776 ಪೌಂಡ್. ಅದನ್ನು ಕಟ್ಟಿದವರಿಗೆ ಹಳೆಯ ಕಾಯಿಲೆ, ಹೊಸ ಕಾಯಿಲೆ ಅನ್ನುವ ಭೇದ ಇಲ್ಲ. ಆಪರೇಷನ್ ಊರಿನಲ್ಲಿ ಆಗಿದ್ದರೂ ಅದರ ತೊಂದರೆಗೆ ಇಲ್ಲಿ ಚಿಕಿತ್ಸೆ ಸಿಗುತ್ತದೆ. ಪ್ರೈವೇಟ್ ಇನ್ಶೂರೆನ್ಸ್ ಕತೆ ಬೇರೆ. ಮೊದಲೇ ಇದ್ದ ತೊಂದರೆಯನ್ನು ಸಾಮಾನ್ಯವಾಗಿ ಅವರು ಹೊರಗಿಡುತ್ತಾರೆ. ಕಂಪನಿ ಕೊಟ್ಟ ಪಾಲಿಸಿ ಇದ್ದರೆ ಅದರ ಷರತ್ತುಗಳನ್ನು ಒಮ್ಮೆ ಓದಿ ನೋಡಿ.

ಎಲ್ಲವೂ ಶುರುವಾಗುವುದು ಜಿಪಿಯಿಂದ, ಅಂದರೆ ನೀವು ಹೆಸರು ನೋಂದಾಯಿಸಿರುವ ಸ್ಥಳೀಯ ಡಾಕ್ಟರಿಂದ. ನೇರವಾಗಿ ಬೆನ್ನುಮೂಳೆ ಸರ್ಜನ್ ಹತ್ತಿರ ಹೋಗುವ ದಾರಿ ಎನ್‌ಎಚ್‌ಎಸ್‌ನಲ್ಲಿ ಇಲ್ಲ. ಜಿಪಿ ಜೊತೆ ಸಿಗುವ ಸಮಯ ತುಂಬ ಕಡಿಮೆ. ಅಲ್ಲಿ ಹೋಗಿ 'ಬೆನ್ನು ನೋವು' ಅಂದರೆ ನೋವಿನ ಮಾತ್ರೆ, ಫಿಸಿಯೋಥೆರಪಿ ಅಂತ ಕಳಿಸಿಬಿಡುವ ಸಾಧ್ಯತೆ ಜಾಸ್ತಿ. ಹಾಗಾಗಿ ಮೊದಲ ವಾಕ್ಯದಲ್ಲೇ ಹೇಳಿ: ಸ್ಕೋಲಿಯೋಸಿಸ್ ಫ್ಯೂಷನ್ (ಬೆನ್ನುಮೂಳೆ ಬೆಸೆಯುವ ಆಪರೇಷನ್) ಆಗಿದೆ, ಇಂಥ ವರ್ಷ ಆಗಿದೆ, ಮೊದಲು ಹೀಗಿತ್ತು, ಈಗ ಹೀಗೆ ಬದಲಾಗಿದೆ. ಮುಖ್ಯವಾದದ್ದು ಈ 'ಬದಲಾಗಿದೆ' ಅನ್ನುವ ಮಾತೇ. ನಡೆಯುವ ದೂರ ಕಡಿಮೆ ಆಗಿದೆಯಾ? ನಿಂತರೆ ಮುಂದಕ್ಕೆ ಬಾಗುತ್ತೀರಾ? ಒಂದು ಕಡೆ ವಾಲುತ್ತೀರಾ? 'ಟಕ್' ಅಂತ ಸದ್ದಾಗಿ ಆಮೇಲೆ ನೋವು ಶುರುವಾಯಿತಾ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಕೊಟ್ಟುಬಿಡಿ. ಇಂಗ್ಲಿಷಿನಲ್ಲಿ ನೋವನ್ನು ವಿವರಿಸುವುದು ಕಷ್ಟ ಅನ್ನಿಸಿದರೆ ದುಭಾಷಿಯನ್ನು ಕೇಳಿ. ಅದಕ್ಕೆ ನೀವು ದುಡ್ಡು ಕೊಡಬೇಕಿಲ್ಲ. ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ಕನ್ನಡ ಅಂತ ಹೇಳಿಬಿಡಿ.

ಕಾರಣಗಳು ಏನೇನಿರಬಹುದು? ಮೂಳೆ ಪೂರ್ತಿ ಬೆಸೆದುಕೊಳ್ಳದೇ ಉಳಿದಿರಬಹುದು. ಇದಕ್ಕೆ ಸೂಡಾರ್ಥ್ರೋಸಿಸ್ ಅನ್ನುತ್ತಾರೆ. ಮೂಳೆ ಹೊರಬೇಕಾದ ಭಾರವನ್ನು ರಾಡ್ ಒಂದೇ ಹೊತ್ತು ಹೊತ್ತು ವರ್ಷಗಳಾದ ಮೇಲೆ ಮುರಿಯಬಹುದು. ಸ್ಕ್ರೂ ಸಡಿಲ ಆಗಿರಬಹುದು. ಬೆಸೆದ ಭಾಗದ ಮೇಲಿನ ಅಥವಾ ಕೆಳಗಿನ ಡಿಸ್ಕ್ ಜಾಸ್ತಿ ಕೆಲಸ ಮಾಡಿ ಸವೆದಿರಬಹುದು. ಹಿಂದಿನ ಕಾಲದ ಹ್ಯಾರಿಂಗ್ಟನ್ ರಾಡ್ ಸೊಂಟದವರೆಗೆ ಇಳಿದಿದ್ದರೆ ಸೊಂಟದ ಸಹಜ ಬಾಗು ಚಪ್ಪಟೆಯಾಗಿ, ಮಂಡಿ ಮಡಿಸದೆ ನೆಟ್ಟಗೆ ನಿಲ್ಲುವುದೇ ಕಷ್ಟ ಆಗಬಹುದು. ಇನ್ನೊಂದು ಕಾರಣ ಸುಲಭವಾಗಿ ಕಣ್ಣು ತಪ್ಪಿಸುತ್ತದೆ: ವರ್ಷಗಳ ನಂತರ ಬರುವ ಇನ್‌ಫೆಕ್ಷನ್. ಜ್ವರ ಇಲ್ಲದೆಯೂ ಲೋಹದ ಸುತ್ತ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಇವೆ. ಹಳೆಯ ಗಾಯದ ಹತ್ತಿರ ಊತ, ಸೋರಿಕೆ ಕಂಡರೆ ಕಾಯಬೇಡಿ.

ಒಂದೊಂದು ಕಾರಣಕ್ಕೆ ಒಂದೊಂದು ಪರೀಕ್ಷೆ. ದೇಹದ ಸಮತೋಲ ನೋಡಲು ನಿಂತುಕೊಂಡು ತೆಗೆದ, ಇಡೀ ಬೆನ್ನುಮೂಳೆಯ ಎಕ್ಸ್‌ರೇ ಬೇಕು. ಮಲಗಿ ತೆಗೆದದ್ದರಲ್ಲಿ ಅದು ಗೊತ್ತಾಗುವುದಿಲ್ಲ. ಮೂಳೆ ಬೆಸೆದಿದೆಯಾ ಅಂತ ನೋಡಲು ಸಿಟಿ ಸ್ಕ್ಯಾನ್. ನರ, ಡಿಸ್ಕ್ ನೋಡಲು ಎಂಆರ್‌ಐ. ಆದರೆ ಲೋಹದ ಸುತ್ತ ಚಿತ್ರ ಮಸುಕಾಗುತ್ತದೆ, ಹಾಗಾಗಿ ಲೋಹಕ್ಕೆ ಹೊಂದಿಸಿದ ವಿಧಾನದಲ್ಲಿ ತೆಗೆಯುತ್ತಾರಾ ಅಂತ ಕೇಳಿ. ಇನ್‌ಫೆಕ್ಷನ್ ಅನುಮಾನ ಇದ್ದರೆ ಸಿಆರ್‌ಪಿ, ಇಎಸ್‌ಆರ್ ರಕ್ತ ಪರೀಕ್ಷೆ. 'ಎಂಆರ್‌ಐ ನಾರ್ಮಲ್ ಇದೆ' ಅಂದ ಮಾತ್ರಕ್ಕೆ ರಾಡ್ ಸರಿ ಇದೆ ಅಂತ ಅರ್ಥ ಅಲ್ಲ.

ಈಗ ಹಳೆಯ ಕಾಗದಗಳ ವಿಷಯ. ಇದನ್ನು ದಯವಿಟ್ಟು ಇವತ್ತೇ ಶುರು ಮಾಡಿ. ಆಪರೇಷನ್ ನೋಟ್, ಡಿಸ್ಚಾರ್ಜ್ ಸಮ್ಮರಿ, ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಎಕ್ಸ್‌ರೇ, ಎಲ್ಲಕ್ಕಿಂತ ಮುಖ್ಯವಾಗಿ ಹಾಕಿದ ಇಂಪ್ಲಾಂಟ್ ಯಾವ ಕಂಪನಿಯದು, ಯಾವ ಮಾದರಿ ಅನ್ನುವ ವಿವರ. ಒಂದೊಂದು ಕಂಪನಿಯ ಸ್ಕ್ರೂ ಬಿಚ್ಚಲು ಅದಕ್ಕೆ ಹೊಂದುವ ಉಪಕರಣವೇ ಬೇಕು. ಆ ಹೆಸರು ಗೊತ್ತಿದ್ದರೆ ಸರ್ಜನ್ ಮೊದಲೇ ತರಿಸಿಕೊಳ್ಳುತ್ತಾರೆ. ಊರಿನ ಆಸ್ಪತ್ರೆಯಲ್ಲಿ ಆಗಿದ್ದರೆ ಮನೆಯವರ ಮೂಲಕ ಕೇಳಿಸಿ. ಆಪರೇಷನ್ ಇಂಗ್ಲೆಂಡಿನಲ್ಲೇ ಆಗಿದ್ದರೆ ನಿಮ್ಮ ದಾಖಲೆ ಕೇಳುವ ಹಕ್ಕು ನಿಮಗಿದೆ. ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಕೊಟ್ಟರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಉಚಿತವಾಗಿ ಕೊಡಬೇಕು. ಆದರೆ ಮಕ್ಕಳ ಆಸ್ಪತ್ರೆ ದಾಖಲೆಯನ್ನು ಸಾಮಾನ್ಯವಾಗಿ 25ನೇ ಹುಟ್ಟುಹಬ್ಬದವರೆಗೆ ಮಾತ್ರ ಇಡುತ್ತಾರೆ. ದೊಡ್ಡವರದು ಚಿಕಿತ್ಸೆ ಮುಗಿದ ಮೇಲೆ 8 ವರ್ಷ. ಮಗಳಿಗೋ ಮಗನಿಗೋ 13–14ರಲ್ಲಿ ಆಪರೇಷನ್ ಮಾಡಿಸಿದ ಅಪ್ಪ ಅಮ್ಮ ಇದನ್ನು ಮರೆಯಬಾರದು.

ಜಿಪಿ ರೆಫರ್ ಮಾಡುವಾಗ ಯಾವ ಆಸ್ಪತ್ರೆ ಅನ್ನುವುದನ್ನು ಆರಿಸುವ ಕಾನೂನಿನ ಹಕ್ಕು ಇಂಗ್ಲೆಂಡಿನಲ್ಲಿದೆ. ಹತ್ತಿರ ಇದೆ ಅನ್ನುವ ಒಂದೇ ಕಾರಣಕ್ಕೆ ಆರಿಸಬೇಡಿ. ದೊಡ್ಡವರ ಸ್ಕೋಲಿಯೋಸಿಸ್ ರಿವಿಷನ್ (ಹಳೆಯ ಆಪರೇಷನ್ ಸರಿಪಡಿಸುವ ಮರು ಆಪರೇಷನ್) ಮಾಡುವ ತಂಡ ಎಲ್ಲ ಕಡೆ ಇರುವುದಿಲ್ಲ. ಲಂಡನ್ನಿನ ಸ್ಟ್ಯಾನ್‌ಮೋರ್‌ನ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್, ಬರ್ಮಿಂಗ್‌ಹ್ಯಾಮಿನ ರಾಯಲ್ ಆರ್ಥೋಪೆಡಿಕ್, ನಾಟಿಂಗ್‌ಹ್ಯಾಮಿನ ಕ್ವೀನ್ಸ್ ಮೆಡಿಕಲ್ ಸೆಂಟರ್ ಬೆನ್ನುಮೂಳೆ ಕೆಲಸಕ್ಕೆ ಹೆಸರಾದವು. ಕಾಯುವಿಕೆ ಮಾತ್ರ ಉದ್ದ. ರೆಫರಲ್‌ನಿಂದ ಚಿಕಿತ್ಸೆಗೆ 18 ವಾರ ಅನ್ನುವುದು ನಿಯಮದ ಗುರಿ, ಆದರೆ ಅದು ಎಷ್ಟೋ ಸಲ ಮೀರುತ್ತದೆ. ಮೀರಿದರೆ ಬೇರೆ ಆಸ್ಪತ್ರೆಗೆ ಬದಲಿಸಿ ಅಂತ ಕೇಳಬಹುದು. ಕಾಯುವಾಗ ತೊಂದರೆ ಹೆಚ್ಚಾದರೆ ಜಿಪಿಗೆ ಹೇಳಿ, ಸರ್ಜನ್‌ಗೆ ಇನ್ನೊಂದು ಪತ್ರ ಬರೆಸಿ.

ಒಂದು ವಿಷಯಕ್ಕೆ ಮಾತ್ರ ಯಾವ ಕ್ಯೂ ಕೂಡ ಇಲ್ಲ. ತೊಡೆಸಂದು, ಗುದದ ಸುತ್ತ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದೆ ಹೋಗುವುದು, ಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಇಳಿಯುವುದು, ಇವು ಕಂಡರೆ ತಕ್ಷಣ ಆಸ್ಪತ್ರೆಯ ತುರ್ತು ವಿಭಾಗವಾದ ಎ ಅಂಡ್ ಇಗೆ ಹೋಗಿ, ಇಲ್ಲವೇ 999ಕ್ಕೆ ಕರೆ ಮಾಡಿ. ಗಂಟೆಗಳ ಲೆಕ್ಕ ಇಲ್ಲಿ ಮುಖ್ಯ.

ಸರ್ಜನ್ ರಿವಿಷನ್ ಮಾಡಬಹುದು ಅಂದರು ಅನ್ನಿ. ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟದ್ದು. ಹಳೆಯ ಗಾಯದ ಅಂಟು ಇರುತ್ತದೆ, ರಕ್ತ ಜಾಸ್ತಿ ಹೋಗಬಹುದು, ಮೂಳೆ ಕತ್ತರಿಸಿ ಬಾಗು ಸರಿಪಡಿಸಬೇಕಾದರೆ ನರಕ್ಕೂ ಅಪಾಯ. ಬ್ರಿಟನ್ ಸುಪ್ರೀಂ ಕೋರ್ಟಿನ 2015ರ ಮಾಂಟ್‌ಗೊಮರಿ ತೀರ್ಪಿನ ನಂತರ, ನಿಮ್ಮ ಪರಿಸ್ಥಿತಿಯಲ್ಲಿ ಮುಖ್ಯವಾಗುವ ಅಪಾಯ ಮತ್ತು ಬೇರೆ ದಾರಿಗಳನ್ನು ಡಾಕ್ಟರ್ ಹೇಳಲೇಬೇಕು. ಹಾಗಾಗಿ ಸಂಕೋಚ ಬೇಡ. ಈ ಆಪರೇಷನ್ ನನ್ನ ಯಾವ ತೊಂದರೆ ಸರಿ ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ? ಮಾಡಿಸದಿದ್ದರೆ ಏನಾಗುತ್ತದೆ? ಇಂಥದ್ದನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಇಷ್ಟು ಕೇಳಿ. ಎರಡನೇ ಅಭಿಪ್ರಾಯಕ್ಕೆ ಕಾನೂನಿನ ಹಕ್ಕು ಇಲ್ಲ, ಆದರೆ ಕೇಳಿದರೆ ಇಲ್ಲ ಅನ್ನುವುದು ಅಪರೂಪ. ಡಾಕ್ಟರನ್ನು ಪ್ರಶ್ನಿಸಿದರೆ ಅಗೌರವ ಅನ್ನುವ ನಮ್ಮ ಅಳುಕು ಇಲ್ಲಿ ಬೇಡವೇ ಬೇಡ. ಸಿಗರೇಟು ಸೇದುವವರು ಮೊದಲೇ ಬಿಡಬೇಕು, ಅದು ಮೂಳೆ ಬೆಸೆಯುವುದನ್ನು ತಡೆಯುತ್ತದೆ. ಬಿಸಿಲು ಕಡಿಮೆ ಇರುವ ಈ ದೇಶದಲ್ಲಿ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ, ಅದನ್ನೂ ನೋಡಿಸಿ.

ಆಪರೇಷನ್ ಬೇಡ ಅಂತ ತೀರ್ಮಾನ ಆದರೆ ಅದು ಸೋಲಲ್ಲ. ಪೇನ್ ಕ್ಲಿನಿಕ್‌ಗೆ ರೆಫರಲ್ ಕೇಳಿ. ನರದ ನೋವಿಗೆ ಕೊಡುವ ಗಾಬಾಪೆಂಟಿನ್, ಪ್ರಿಗಾಬಾಲಿನ್ 2019ರ ಏಪ್ರಿಲ್‌ನಿಂದ ಇಲ್ಲಿ ನಿಯಂತ್ರಿತ ಔಷಧಿಗಳು. ಊರಿನಿಂದ ತರುವಾಗ ಡಾಕ್ಟರ್ ಪತ್ರ ಜೊತೆಗಿರಲಿ, ಮೂರು ತಿಂಗಳಿಗಿಂತ ಕಡಿಮೆ ಆಗುವಷ್ಟೇ ತನ್ನಿ. ಕೆಲಸದ ಕಡೆ, 2010ರ ಈಕ್ವಾಲಿಟಿ ಕಾಯ್ದೆಯ ಪ್ರಕಾರ ದೀರ್ಘಕಾಲದ ತೊಂದರೆ ಇರುವವರಿಗೆ ಕುರ್ಚಿ, ಮೇಜು, ಸಮಯ ಹೊಂದಿಸಿಕೊಡುವುದು ಕಂಪನಿಯ ಕರ್ತವ್ಯ. ದೀರ್ಘಕಾಲದ ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಪಿಐಪಿ ಭತ್ಯೆಗೆ ಅರ್ಜಿ ಹಾಕುವ ಮುಂಚೆ ಮಾತ್ರ ವೀಸಾ ನೋಡಿ. 'ಸರ್ಕಾರಿ ನಿಧಿ ಇಲ್ಲ' ಅನ್ನುವ ಷರತ್ತು ಇದ್ದರೆ ಅದನ್ನು ಪಡೆಯುವುದು ವೀಸಾ ಉಲ್ಲಂಘನೆ.

ಆಪರೇಷನ್ ಆದರೆ ನೋಡಿಕೊಳ್ಳಲು ಅಮ್ಮನನ್ನು ಕರೆಸಿಕೊಳ್ಳುವವರು ಬಹಳ ಜನ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸರ್‌ಚಾರ್ಜ್ ಇಲ್ಲ, ಹಾಗಾಗಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಉಚಿತ ಚಿಕಿತ್ಸೆಯೂ ಇಲ್ಲ. ಎ ಅಂಡ್ ಇಯಲ್ಲಿ ನೋಡುವುದಕ್ಕೆ ದುಡ್ಡಿಲ್ಲ, ಅಡ್ಮಿಟ್ ಆದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಅವರು ಹೊರಡುವ ಮುಂಚೆಯೇ ಊರಿನಲ್ಲಿ, ಅವರ ಬಿಪಿ, ಶುಗರ್ ಎಲ್ಲ ತಿಳಿಸಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ.