ಮಗುವಿನ ಬೀಜ ಚೀಲಕ್ಕೆ ಇಳಿದಿಲ್ವಾ? ಆರು ತಿಂಗಳು ದಾಟಿದರೆ ಕಾಯಬೇಡಿ

ಗಂಡುಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಬೀಜದ (ವೃಷಣದ) ಚೀಲವನ್ನೂ ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿ. ಬಿಸಿನೀರಿಗೆ ಚೀಲ ಸಡಿಲವಾಗಿರುತ್ತದೆ, ನಿಮ್ಮ ಕೈಯೂ ಬೆಚ್ಚಗಿರುತ್ತದೆ. ಎರಡೂ ಕಡೆ ಅವರೆಕಾಳಿನಷ್ಟು ಗುಂಡಗಿನದು ಕೈಗೆ ಸಿಗಬೇಕು. ಚಳಿಗೆ ಮೇಲೆ ಓಡಿ, ಬಿಸಿನೀರು ಬಿದ್ದರೆ ತಾನೇ ಇಳಿಯುವುದಾದರೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿದರೆ ಸಾಕು. ಆದರೆ ಹುಟ್ಟಿದ ಮಗುವಿಗೆ ಎರಡೂ ಕಡೆ ಸಿಗದಿದ್ದರೆ ಅವತ್ತೇ ತೋರಿಸಿ, ಹಾರ್ಮೋನ್ ತೊಂದರೆ ಇರಬಹುದು.

ತಿಂಗಳು ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು ಮೂವರಿಗೆ ಬೀಜ ಚೀಲಕ್ಕೆ ಇಳಿದಿರುವುದಿಲ್ಲ, ತಿಂಗಳು ತುಂಬದೆ ಹುಟ್ಟಿದವರಲ್ಲಿ ಇನ್ನೂ ಜಾಸ್ತಿ. ಬಹಳಷ್ಟು ಮಕ್ಕಳಿಗೆ ಮೊದಲ ಕೆಲವು ತಿಂಗಳಲ್ಲೇ ಇಳಿಯುತ್ತದೆ. ಆರು ತಿಂಗಳಾದ ಮೇಲೆ ತಾನಾಗಿ ಇಳಿಯುವುದು ಅಪರೂಪ. 'ದೊಡ್ಡವನಾದರೆ ಸರಿಹೋಗುತ್ತೆ ಬಿಡು' ಅನ್ನುವ ಮನೆಯ ಹಿರಿಯರ ಮಾತನ್ನು ಇಲ್ಲಿ ಮಾತ್ರ ಕೇಳಬೇಡಿ. ತಿಕ್ಕಿ ಎಳೆಯುವುದೂ ಬೇಡ. ಚೀಲದೊಳಗೆ ಮೈಗಿಂತ ಎರಡು ಮೂರು ಡಿಗ್ರಿ ತಂಪು, ವೀರ್ಯಾಣು ಹುಟ್ಟಲು ಆ ತಂಪು ಬೇಕು. ಒಳಗಿನ ಶಾಖದಲ್ಲೇ ಉಳಿದರೆ ಮುಂದೆ ವೀರ್ಯಾಣು ಆಗಬೇಕಾದ ಕಣಗಳು ಒಂದು ವರ್ಷದೊಳಗೇ ಕಡಿಮೆಯಾಗತೊಡಗುತ್ತವೆ.

ಹಾಗಾಗಿ 9ನೇ ತಿಂಗಳ ದಡಾರ ಲಸಿಕೆಗೆ ಹೋಗುವಷ್ಟರಲ್ಲಿ ಮಕ್ಕಳ ಸರ್ಜನ್ ಒಮ್ಮೆ ನೋಡಿರಲಿ. ಸ್ಕ್ಯಾನ್ ಮಾಡಿಸಿಕೊಂಡೇ ಹೋಗಬೇಕೆಂದಿಲ್ಲ, ಅವರ ಕೈಗೆ ಗೊತ್ತಾಗುವುದು ಎಷ್ಟೋ ಸಲ ಸ್ಕ್ಯಾನಿಗೆ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು ಬೀಜವನ್ನು ಚೀಲಕ್ಕೆ ತಂದು ಹೊಲಿಯುತ್ತಾರೆ, ಕೈಗೇ ಸಿಗದಿದ್ದರೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ನೋಡುತ್ತಾರೆ. ಮಗುವಿಗೆ ಒಂದೂವರೆ ವರ್ಷ ತುಂಬುವುದರೊಳಗೆ ಮುಗಿಸಿಬಿಡಿ.

ಈಗ ಮದುವೆಯಾಗಿ ಮಕ್ಕಳಿಗೆ ನೋಡುತ್ತಿರುವವರಿಗೆ. ಚಿಕ್ಕಂದಿನಲ್ಲಿ ಒಂದೇ ಕಡೆಯ ಬೀಜ ಇಳಿದಿರದಿದ್ದರೆ ತಂದೆಯಾಗುವ ಸಾಧ್ಯತೆ ಹೆಚ್ಚುಕಡಿಮೆ ಉಳಿದವರಷ್ಟೇ ಇರುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಕಡೆ ಹಾಗಾಗಿದ್ದರೆ ವರ್ಷಗಟ್ಟಲೆ ಹೆಂಡತಿಗೆ ಮಾತ್ರ ಟೆಸ್ಟ್ ಮಾಡಿಸುತ್ತಾ ಕೂರದೆ ಮೊದಲು ನಿಮ್ಮ ವೀರ್ಯ ಪರೀಕ್ಷೆ ಮಾಡಿಸಿ. ಸ್ಯಾಂಪಲ್ ಕೊಡುವ ಮುಂಚೆ ಎರಡರಿಂದ ಏಳು ದಿನ ವೀರ್ಯ ಹೊರಹೋಗಿರಬಾರದು. ಒಂದೇ ರಿಪೋರ್ಟ್ ನಂಬಬೇಡಿ, ಕಡಿಮೆ ಬಂದರೆ ಇನ್ನೊಮ್ಮೆ ಕೊಡಿ. ಹಳೇ ಆಪರೇಷನ್ ವಿಷಯ ಡಾಕ್ಟರಿಗೆ ಹೇಳಲು ಮರೆಯಬೇಡಿ. ಯಾವಾಗ ಆಯ್ತು ಅಂತ ಅಮ್ಮನನ್ನು ಕೇಳಿಕೊಂಡೇ ಹೋಗಿ.

ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ ಬಂದರೂ ಬಾಗಿಲು ಮುಚ್ಚಿತು ಅಂತಲ್ಲ. ಮೈಕ್ರೋ ಟೆಸೆ ಮಾಡಿ, ಅಂದರೆ ಮೈಕ್ರೋಸ್ಕೋಪಿನಡಿ ಆಪರೇಷನ್ ಮಾಡಿ ಬೀಜದೊಳಗೆ ವೀರ್ಯಾಣು ಹುಡುಕಿ, ಸಿಕ್ಕರೆ ಇಕ್ಸಿ (ಒಂದು ವೀರ್ಯಾಣುವನ್ನು ಲ್ಯಾಬಿನಲ್ಲಿ ನೇರವಾಗಿ ಅಂಡಾಣುವಿಗೆ ಚುಚ್ಚುವುದು) ಮಾಡುತ್ತಾರೆ. ಇನ್ನೊಂದು ಮಾತು, ಚಿಕ್ಕಂದಿನಲ್ಲಿ ಬೀಜ ಇಳಿದಿರದವರಿಗೆ ಬೀಜದ ಕ್ಯಾನ್ಸರ್ ಅಪಾಯ ಸ್ವಲ್ಪ ಹೆಚ್ಚು. ತಿಂಗಳಿಗೊಮ್ಮೆ ಸ್ನಾನದಲ್ಲಿ ಮುಟ್ಟಿ ನೋಡಿಕೊಳ್ಳಿ, ನೋವಿಲ್ಲದ ಗಂಟು ಸಿಕ್ಕರೂ ತಡಮಾಡದೆ ತೋರಿಸಿ.