ಸೀಸ್ಮಿಕ್ ನಕ್ಷೆಯ ಉಬ್ಬನ್ನು ಕೊರೆಯುವ ಮುನ್ನ ನಾನು ಒರೆಗೆ ಹಚ್ಚುವ ಬಗೆ

ರಾಜಸ್ಥಾನದ ಬಾರ್ಮೇರ್, ಗುಜರಾತಿನ ಕ್ಯಾಂಬೆಯಂಥ ರಿಫ್ಟ್ ಬೇಸಿನ್‌ಗಳಲ್ಲಿ (ನೆಲ ಸೀಳಿ ಕುಸಿದು ಪದರಪದರವಾಗಿ ತುಂಬಿಕೊಂಡ ತಗ್ಗುಗಳಲ್ಲಿ) ಎಣ್ಣೆ-ಅನಿಲ ಹುಡುಕುವಾಗ ನಾನು ಬಿಡಿಸಬೇಕಾದ ಪ್ರಶ್ನೆ ಹೆಚ್ಚಾಗಿ ಒಂದೇ: ಸೀಸ್ಮಿಕ್ (ನೆಲದೊಳಗೆ ಕಳಿಸಿದ ತರಂಗದ ಪ್ರತಿಧ್ವನಿಯಿಂದ ಮಾಡಿದ) ನಕ್ಷೆಯಲ್ಲಿ ಸುತ್ತಿ ಬಂದು ಮುಚ್ಚಿಕೊಂಡಿರುವ ಈ ಕಾಂಟೂರ್ (ಸಮಮಟ್ಟದ ಗೆರೆ) ಎಣ್ಣೆ ಸಿಕ್ಕಿಕೊಳ್ಳುವ ನಿಜವಾದ ಟ್ರ್ಯಾಪೋ, ಬರೀ ಗೆರೆಯೋ? ಎಣ್ಣೆ ಹುಟ್ಟುವ ಮೂಲಶಿಲೆ, ಅದನ್ನು ಹಿಡಿದಿಡುವ ಮರಳುಶಿಲೆ, ಮೇಲೊಂದು ಶೇಲ್ (ಜೇಡಿಕಲ್ಲು) ಮುಚ್ಚಳ ಬೇಕೆಂಬುದು ಎಲ್ಲರಿಗೂ ಗೊತ್ತು. ಈ ಬೇಸಿನ್‌ಗಳಲ್ಲಿ ಅವು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಕೊರೆದ ಬಾವಿಯಲ್ಲಿ ಎಣ್ಣೆ ಸಿಗದೆ ಅದು ಬರಿದಾಗುವುದು ಬಹುಪಾಲು ರಚನೆಯ ಲೆಕ್ಕ ತಪ್ಪಿದಾಗ.

ರಚನೆ ಎಂದರೆ ಎಲ್ಲೆಡೆ ಒಂದೇ ಥರದ್ದಲ್ಲ. ಬಾರ್ಮೇರ್ ಬೇಸಿನ್ ಉತ್ತರ-ದಕ್ಷಿಣವಾಗಿ ಸುಮಾರು 200 ಕಿ.ಮೀ. ಉದ್ದದ, ಎಳೆದು ಸೀಳಿದ ಕಣಿವೆ. 2004ರಲ್ಲಿ ಸಿಕ್ಕ ಮಂಗಲಾ ಕ್ಷೇತ್ರದಲ್ಲಿ ಫತೇಗಢ ಮರಳುಶಿಲೆ ಫಾಲ್ಟ್‌ಗೆ (ಪದರಗಳು ಮುರಿದು ಜಾರಿದ ಬಿರುಕಿಗೆ) ಒರಗಿ ವಾಲಿದ ಹಲಗೆಯಾಗಿದೆ. ಅದರ ಮೇಲಿನ, ಬಾರ್ಮೇರ್ ಹಿಲ್ ಎಂಬ ಪದರಗುಂಪಿನ ಸರೋವರದ ಶೇಲೇ ಆ ಬೇಸಿನ್‌ನ ಮುಖ್ಯ ಮೂಲಶಿಲೆ. ಗುಜರಾತಿನ ಅಂಕಲೇಶ್ವರ (1960) ಬೇರೆ ಜಾತಿಯದು: ಮೊದಲು ಕುಸಿದ ಜಾಗವೇ ಆಮೇಲೆ ಒತ್ತಡಕ್ಕೆ ಸಿಕ್ಕಿ ಮೇಲೆದ್ದು ಕಮಾನಿನಂಥ ಮಡಿಕೆಯಾಯಿತು. 1974ರಲ್ಲಿ ಮುಂಬಯಿಯಾಚೆ ಸಮುದ್ರದಲ್ಲಿ ಸಿಕ್ಕ ಬಾಂಬೆ ಹೈಯಲ್ಲಿ ಎಣ್ಣೆ ಇರುವುದು ತಳದ ದಿಬ್ಬದ ಮೇಲೆ ಬೆಳೆದ ಸುಣ್ಣಕಲ್ಲಿನಲ್ಲಿ. ಬೆಳಗಾವಿ, ಕಲಬುರಗಿ ಕಡೆ ಮೇಲೆಯೇ ಕಾಣುವ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್, ಕ್ಯಾಂಬೆಯಲ್ಲಿ ಸಾವಿರಾರು ಮೀಟರ್ ಆಳದಲ್ಲಿ ತಳವಾಗಿ ಕೂತಿದೆ. ಅದರ ಮೇಲ್ಮೈ ಸೀಸ್ಮಿಕ್‌ನಲ್ಲಿ ಬಲವಾಗಿ ಹೊಳೆಯುತ್ತದೆ, ಕೆಳಗಿನದನ್ನು ಮಾತ್ರ ಮಬ್ಬು ಮಾಡಿಬಿಡುತ್ತದೆ.

ನಾನು ಮೊದಲು ಮಾಡುವುದು ಈಗಾಗಲೇ ಕೊರೆದ ಬಾವಿಯ ಅಳತೆಗಳನ್ನು ಸೀಸ್ಮಿಕ್‌ಗೆ ಹೊಂದಿಸಿ ಕಟ್ಟುವ ಕೆಲಸ. ಸೋನಿಕ್ ಲಾಗನ್ನು (ಬಾವಿಯೊಳಗೆ ಅಳೆದ ಶಬ್ದದ ಓಟವನ್ನು) ಚೆಕ್‌ಶಾಟ್‌ನಿಂದ (ನೆಲದಿಂದ ಬಾವಿಯ ಆಳಕ್ಕೆ ತರಂಗ ತಲುಪುವ ಸಮಯದ ಅಳತೆಯಿಂದ) ಸರಿಪಡಿಸಿ, ಅದು ಕೊಡುವ ವೇಗವನ್ನು ಡೆನ್ಸಿಟಿ (ಸಾಂದ್ರತೆ) ಲಾಗ್ ಜೊತೆ ಗುಣಿಸಿ, ಸುಮಾರು 30 ಹರ್ಟ್ಜ್‌ನ ವೇವ್‌ಲೆಟ್ (ತರಂಗದ ತುಣುಕು) ಹಾಕಿ ಸಿಂಥೆಟಿಕ್ ಟ್ರೇಸ್ (ಬಾವಿಯ ಜಾಗದಲ್ಲಿ ಕಾಣಬೇಕಾದ ಕೃತಕ ಸೀಸ್ಮಿಕ್ ಗೆರೆ) ಮಾಡುತ್ತೇನೆ. ಮರಳುಶಿಲೆಯ ನೆತ್ತಿ ತರಂಗದ ಶಿಖರದಲ್ಲಿದೆಯೋ ತಗ್ಗಿನಲ್ಲಿದೆಯೋ ಇಲ್ಲಿ ತೀರ್ಮಾನವಾಗಬೇಕು. ಪೊಲಾರಿಟಿ (ಶಿಖರ-ತಗ್ಗುಗಳ ದಿಕ್ಕು) ತಲೆಕೆಳಗಾಗಿದ್ದರೆ ಇಡೀ ಹಾರಿಝನ್ (ಸೀಸ್ಮಿಕ್‌ನಲ್ಲಿ ಗುರುತಿಸಿದ ಪದರದ ಮೇಲ್ಮೈ) ಅರ್ಧ ಚಕ್ರ ಆಚೀಚೆಯಾಗುತ್ತದೆ. ಇದೇ ಹಂತದಲ್ಲಿ ರೆಸಲ್ಯೂಷನ್ (ಎಷ್ಟು ಸಣ್ಣದು ಬಿಡಿಯಾಗಿ ಕಾಣುತ್ತದೆಂಬುದು) ಬರೆದಿಟ್ಟುಕೊಳ್ಳುವುದೂ ಒಳ್ಳೆಯದು. ವೇಗ ಸೆಕೆಂಡಿಗೆ 3000 ಮೀಟರ್, ಆವರ್ತನ 30 ಹರ್ಟ್ಜ್ ಎಂದಾದರೆ ತರಂಗದ ಕಾಲು ಭಾಗ 25 ಮೀಟರ್. ಅದಕ್ಕಿಂತ ಕಡಿಮೆ ಜಾರಿದ ಫಾಲ್ಟ್ ಮುರಿದಂತೆ ಕಾಣುವುದಿಲ್ಲ, ಬಾಗಿದಂತೆ ಕಾಣುತ್ತದೆ.

ಥಾರ್ ಮರುಭೂಮಿಯ ಡೇಟಾ ಆದರೆ ಹಾರಿಝನ್ ಮುಟ್ಟುವ ಮುಂಚೆ ಸ್ಟ್ಯಾಟಿಕ್ಸ್ (ಮೇಲ್ಪದರದಲ್ಲಿ ತರಂಗಕ್ಕಾಗುವ ತಡದ ತಿದ್ದುಪಡಿ) ನೋಡುತ್ತೇನೆ. ಒಣ ಮರಳಿನಲ್ಲಿ ತರಂಗ ತೆವಳುತ್ತದೆ. 30 ಮೀಟರ್ ಎತ್ತರದ ಮರಳುದಿಬ್ಬದಲ್ಲಿ ವೇಗ 600 ಮೀ./ಸೆ. ಇದ್ದರೆ ಹೋಗಿಬರಲು 100 ಮಿಲಿಸೆಕೆಂಡ್ ಬೇಕು. ಅಷ್ಟೇ ದಪ್ಪವನ್ನು 2000 ಮೀ./ಸೆ. ವೇಗದ ಗಟ್ಟಿ ನೆಲವೆಂದು ಲೆಕ್ಕ ಹಿಡಿದರೆ 30 ಮಿಲಿಸೆಕೆಂಡ್ ಸಾಕು. ಉಳಿದ 70 ಮಿಲಿಸೆಕೆಂಡನ್ನು ತೆಗೆಯದೆ ಬಿಟ್ಟರೆ, ಆಳದಲ್ಲಿ (ವೇಗ 2500 ಮೀ./ಸೆ. ಎಂದುಕೊಂಡರೆ) ಸುಮಾರು 87 ಮೀಟರ್‌ನ ಸುಳ್ಳು ತಗ್ಗು ಹುಟ್ಟುತ್ತದೆ. ಎರಡು ದಿಬ್ಬಗಳ ನಡುವಿನ ಬಯಲಿನಡಿ ಸುಳ್ಳು ಉಬ್ಬು ಏಳುತ್ತದೆ. ಆದ್ದರಿಂದ ನೆಲದ ಎತ್ತರದ ನಕ್ಷೆಯನ್ನೂ ಹಾರಿಝನ್ ನಕ್ಷೆಯನ್ನೂ ಒಂದರ ಮೇಲೊಂದಿಟ್ಟು ನೋಡುತ್ತೇನೆ. ದಿಬ್ಬದ ಆಕಾರ ಎಲ್ಲ ಹಾರಿಝನ್‌ಗಳಲ್ಲೂ ಮರುಕಳಿಸಿದರೆ ಆ ಉಬ್ಬು ಭೂಮಿಯದಲ್ಲ, ಪ್ರಾಸೆಸಿಂಗ್‌ನದು.

ಹಾರಿಝನ್ ಎಳೆಯುವ ಮುಂಚೆ ಫಾಲ್ಟ್ ಎಳೆಯುವುದು ನನ್ನ ಅಭ್ಯಾಸ. ತ್ರೀಡಿ ಡೇಟಾದಲ್ಲಿ ಹತ್ತು ಸೀಸ್ಮಿಕ್ ಗೆರೆಗೊಂದರಂತೆ ಕೈಯಿಂದ ಎಳೆದು, ಟೈಮ್ ಸ್ಲೈಸ್‌ನಲ್ಲಿ (ಒಂದೇ ಸಮಯದಲ್ಲಿ ಅಡ್ಡ ಕತ್ತರಿಸಿದ ಚಿತ್ರದಲ್ಲಿ) ಅದರ ಓಟ ಪರೀಕ್ಷಿಸಿ, ಆಮೇಲಷ್ಟೇ ಹಾರಿಝನ್ನನ್ನು ಆಟೋಟ್ರ್ಯಾಕರ್‌ಗೆ (ತಾನೇ ಎಳೆಯುವ ಸಾಫ್ಟ್‌ವೇರ್‌ಗೆ) ಬಿಡುವುದು. ಹಳೆಯ ಟೂಡಿ ಗೆರೆಗಳು ಎರಡು ಕಿ.ಮೀ. ಅಂತರದಲ್ಲಿದ್ದರೆ ಒಂದು ಗೆರೆಯ ಫಾಲ್ಟನ್ನು ಪಕ್ಕದ ಗೆರೆಯ ಫಾಲ್ಟ್‌ಗೆ ಜೋಡಿಸುವುದೇ ಊಹೆ. ಫಾಲ್ಟ್‌ನ ಜಾರು ಸಾಮಾನ್ಯವಾಗಿ ನಡುವೆ ಹೆಚ್ಚಿದ್ದು ತುದಿಗಳಲ್ಲಿ ಸೊನ್ನೆಯಾಗುತ್ತದೆ. ಎರಡು ಫಾಲ್ಟ್‌ಗಳ ತುದಿಗಳು ಅಕ್ಕಪಕ್ಕ ಹಾಯ್ದು ನಿಂತರೆ ನಡುವೆ ಮುರಿಯದ ಇಳಿಜಾರು ಉಳಿಯುತ್ತದೆ. ಎಣ್ಣೆ ಅದರ ಮೂಲಕ ಮೇಲಕ್ಕೆ ಜಾರಿಕೊಳ್ಳುತ್ತದೆ. ಅವೆರಡನ್ನೂ ಒಂದೇ ಗೆರೆಯಾಗಿ ಹೊಲಿದುಬಿಟ್ಟರೆ ನಕ್ಷೆಯಲ್ಲಿ ಸೊಗಸಾದ ಕ್ಲೋಶರ್ (ಎಲ್ಲ ಕಡೆ ಮುಚ್ಚಿಕೊಂಡ ಉಬ್ಬು) ಬರುತ್ತದೆ. ಇಂಥ ಸೊಗಸು ಕಂಡಲ್ಲೆಲ್ಲ ನಾನು ಫಾಲ್ಟ್‌ನ ಉದ್ದಕ್ಕೂ ಜಾರಿನ ಗ್ರಾಫ್ ಹಾಕುತ್ತೇನೆ. ನಡುವೆ ಅದು ತಟ್ಟನೆ ಸೊನ್ನೆಯ ಹತ್ತಿರ ಇಳಿದು ಮತ್ತೆ ಏರಿದರೆ ಅಲ್ಲಿರುವುದು ಒಂದಲ್ಲ, ಎರಡು.

ಇನ್ನು ಸಮಯವನ್ನು ಆಳಕ್ಕೆ ಬದಲಿಸುವುದು. ಹೆಚ್ಚಿನ ಉಬ್ಬುಗಳು ಸಾಯುವುದು ಇಲ್ಲಿ. ಒಂದು ಲೆಕ್ಕ ನೋಡಿ: ಅಂಚಿನಲ್ಲಿ ಹೋಗಿಬರುವ ಸಮಯ 1.600 ಸೆಕೆಂಡ್, ನೆತ್ತಿಯಲ್ಲಿ 1.580. ಎರಡೂ ಕಡೆ ಸರಾಸರಿ ವೇಗ 2500 ಮೀ./ಸೆ. ಎಂದುಕೊಂಡರೆ ಅಂಚು 2000 ಮೀಟರ್, ನೆತ್ತಿ 1975. ಅಂದರೆ 25 ಮೀಟರ್ ಎತ್ತರದ ಟ್ರ್ಯಾಪ್. ನೆತ್ತಿಯ ಮೇಲೆ ವೇಗ ಶೇಕಡಾ 2ರಷ್ಟು ಹೆಚ್ಚು, 2550 ಇದ್ದರೆ? ನೆತ್ತಿ 2014 ಮೀಟರ್‌ಗೆ ಇಳಿಯುತ್ತದೆ. ಉಬ್ಬು ಹೋಗಿ ತಗ್ಗಾಯಿತು. ಇದು ಕಾಗದದ ಮೇಲಿನ ಕಸರತ್ತಲ್ಲ. ಆಳದಲ್ಲಿ ಹೂತು ಬಿಗಿಯಾದ ಕಲ್ಲು ಆಮೇಲೆ ಮೇಲೆದ್ದರೂ ಆ ಬಿಗಿಯನ್ನು ಬಿಟ್ಟುಕೊಡುವುದಿಲ್ಲ, ಅದರ ವೇಗ ಹೆಚ್ಚೇ ಉಳಿಯುತ್ತದೆ. ಹಾಗಾಗಿ ಅಂಕಲೇಶ್ವರದಂತೆ ಒತ್ತಿ ಎದ್ದ ರಚನೆಗಳಲ್ಲಿ ನೆತ್ತಿಗೂ ಪಕ್ಕಕ್ಕೂ ಒಂದೇ ವೇಗ ಹಾಕುವುದು ಅಪಾಯ. ನಾನು ಪದರಪದರವಾಗಿ, ಪ್ರತಿ ಪದರಕ್ಕೂ ಆಳದೊಂದಿಗೆ ಏರುವ ವೇಗ ಕೊಟ್ಟು ಬದಲಿಸುತ್ತೇನೆ. ಆಮೇಲೆ ವೇಗವನ್ನು ಶೇಕಡಾ 2 ಮೇಲೆ ಕೆಳಗೆ ಆಡಿಸಿ ಎಷ್ಟು ನಕ್ಷೆಗಳಲ್ಲಿ ಕ್ಲೋಶರ್ ಉಳಿಯಿತೆಂದು ನೋಡುತ್ತೇನೆ. ಅರ್ಧಕ್ಕರ್ಧ ನಕ್ಷೆಗಳಲ್ಲಿ ಮಾಯವಾದರೆ ಆ ಉಬ್ಬಿಗೆ ಬಾವಿ ಕೇಳುವುದಿಲ್ಲ. ದೊಡ್ಡ ಫಾಲ್ಟ್‌ನ ನೆರಳಿನಲ್ಲಿರುವ ಪದರಗಳಿಗೆ ಇದೂ ಸಾಲದು. ಅಲ್ಲಿ ಡೆಪ್ತ್ ಮೈಗ್ರೇಷನ್ (ವೇಗದ ಮಾದರಿ ಹಾಕಿ ಸೀಸ್ಮಿಕ್ ಚಿತ್ರವನ್ನೇ ಆಳದಲ್ಲಿ ಮತ್ತೆ ಕಟ್ಟುವುದು) ಬೇಕೇ ಬೇಕು.

ಆಳದ ನಕ್ಷೆ ಸಿಕ್ಕ ಮೇಲೆ ಸ್ಪಿಲ್ ಪಾಯಿಂಟ್ (ತುಂಬಿದ ಎಣ್ಣೆ ಹೊರಗೆ ಸುರಿಯುವ ಮಟ್ಟ) ಹುಡುಕುವುದು. ಬೋರಲು ಹಾಕಿದ ಬೋಗುಣಿಯಲ್ಲಿ ಗಾಳಿ ನಿಲ್ಲುವುದು ಅಂಚಿನ ಅತಿ ಎತ್ತರದ ಒಡಕಿನ ಮಟ್ಟದವರೆಗೆ ಮಾತ್ರ. ಎಣ್ಣೆಗೂ ಅದೇ ನಿಯಮ. ಮಡಿಕೆಯಲ್ಲಾದರೆ ಆ ಒಡಕು ನಕ್ಷೆಯಲ್ಲೇ ಕಾಣುತ್ತದೆ. ವಾಲಿದ ಹಲಗೆಯಲ್ಲಿ ಒಂದು ಗೋಡೆಯೇ ಫಾಲ್ಟ್ ಆದ್ದರಿಂದ, ಆಚೆ ಬದಿಯಲ್ಲಿ ಯಾವ ಕಲ್ಲು ಎದುರಾಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮರಳುಶಿಲೆ 60 ಮೀಟರ್ ದಪ್ಪವಿದ್ದು ಜಾರು 40 ಮೀಟರ್ ಇದ್ದರೆ 20 ಮೀಟರ್‌ನಷ್ಟು ಮರಳು ಮರಳಿಗೇ ತಾಗಿರುತ್ತದೆ, ಅಲ್ಲಿ ಸೋರಿಕೆ. ಜಾರು 100 ಮೀಟರ್ ಆದರೆ ಆ ಮರಳಿನೆದುರು ಶೇಲ್ ಬಂದಿರಬಹುದು, ಅಥವಾ ಮೇಲಿನ ಇನ್ನೊಂದು ಮರಳಿನ ಪದರವೇ ಇಳಿದು ಬಂದಿರಬಹುದು. ಅದಕ್ಕೇ ಫಾಲ್ಟ್‌ನ ಮೇಲ್ಮೈ ಉದ್ದಕ್ಕೂ ಎರಡೂ ಬದಿಯ ಪದರಗಳನ್ನು ಅಲನ್ ಚಿತ್ರವಾಗಿ (ಯಾವ ಪದರಕ್ಕೆ ಯಾವುದು ತಾಗಿದೆ ಎಂದು ತೋರಿಸುವ ಚಿತ್ರವಾಗಿ) ಬಿಡಿಸುತ್ತೇನೆ. ಮರಳು ಮರಳಿಗೆ ತಾಗಿದ ಕಡೆ ಶೇಲ್ ಗೌಜ್ ಅನುಪಾತ (ಫಾಲ್ಟ್‌ನೊಳಗೆ ಅರೆದು ಸೇರಿದ ಜೇಡಿಯ ಪಾಲು) ಲೆಕ್ಕ ಹಾಕುತ್ತೇನೆ: ಆ ಬಿಂದುವನ್ನು ದಾಟಿ ಜಾರಿದ 100 ಮೀಟರ್‌ನಲ್ಲಿ 30 ಮೀಟರ್ ಶೇಲ್ (ಜೇಡಿಯ ಪಾಲು 0.8), 70 ಮೀಟರ್ ಮರಳು (ಜೇಡಿ 0.1) ಇದ್ದರೆ 24 ಕೂಡಿಸು 7, ಶೇಕಡಾ 31. ಸಾಮಾನ್ಯವಾಗಿ ಶೇಕಡಾ 15-20 ದಾಟಿದರೆ ಫಾಲ್ಟ್‌ನ ಅರೆದ ಜೇಡಿ ಎಣ್ಣೆಯನ್ನು ತಡೆಯುತ್ತದೆ ಎಂದು ಹಿಡಿಯುತ್ತೇವೆ. ಇಂದಿಗೂ ಅಲುಗಾಡುತ್ತಿರುವ ಫಾಲ್ಟ್ ಆದರೆ ಈ ಸಂಖ್ಯೆಗೆ ಬೆಲೆಯಿಲ್ಲ.

ಕಾಲದ ವಿಚಾರ ಚುಟುಕಾಗಿ ಮುಗಿಯುತ್ತದೆ, ಆದರೆ ಬಿಡುವಂತಿಲ್ಲ. ಟ್ರ್ಯಾಪ್ ಮೊದಲು, ಎಣ್ಣೆಯ ವಲಸೆ ಆಮೇಲೆ. ಪದರಗಳನ್ನು ಕಾಲಕ್ಕೆ ತಕ್ಕಂತೆ ಒಂದೊಂದಾಗಿ ಕಳಚಿ, ಮೂಲಶಿಲೆಯ ವಿಟ್ರಿನೈಟ್ ಪ್ರತಿಫಲನ (ಅದು ಎಷ್ಟು ಕಾದಿದೆ ಎಂಬುದರ ಅಳತೆ) ಶೇಕಡಾ 0.6 ದಾಟಿ ಎಣ್ಣೆ ಹುಟ್ಟತೊಡಗಿದಾಗ ಈ ಉಬ್ಬು ಇತ್ತೇ ಎಂದು ನೋಡುತ್ತೇನೆ. ಆಮೇಲೆ ಬೇಸಿನ್ ವಾಲಿದ್ದರೆ ಹಳೆಯ ಸ್ಪಿಲ್ ಪಾಯಿಂಟ್‌ನಿಂದ ಎಣ್ಣೆ ಸುರಿದು ಹೋಗಿರಬಹುದು.

ಪರಿಮಾಣದ ಲೆಕ್ಕದಲ್ಲಿ ಜನ ಎಡವುವುದು ವಿಸ್ತೀರ್ಣವನ್ನು ನೆತ್ತಿಯ ಪೂರ್ತಿ ಎತ್ತರದಿಂದ ಗುಣಿಸಿದಾಗ. ವಾಲಿದ ಹಲಗೆಯ ಎಣ್ಣೆ ಬೆಣೆಯಾಕಾರದ್ದು, ಸರಾಸರಿ ಎತ್ತರ ಹಿಡಿಯಬೇಕು. 6 ಚದರ ಕಿ.ಮೀ., ಸರಾಸರಿ 40 ಮೀಟರ್: 24 ಕೋಟಿ ಘನ ಮೀಟರ್ ಕಲ್ಲು. ಅದರಲ್ಲಿ ಮರಳು 0.6, ರಂಧ್ರ 0.22, ಎಣ್ಣೆ ತುಂಬಿದ ಪಾಲು 0.7, ಮೇಲೆ ಬಂದಾಗ ಕುಗ್ಗುವುದಕ್ಕೆ 1.15ರಿಂದ ಭಾಗಿಸಿದರೆ ಸುಮಾರು 1.9 ಕೋಟಿ ಘನ ಮೀಟರ್, ಅಂದಾಜು 12 ಕೋಟಿ ಬ್ಯಾರೆಲ್. ನೆಲದಡಿ ಇರುವ ಮೊತ್ತ ಇದು. ಕೈಗೆ ಸಿಗುವುದು ಇದರ ಒಂದು ಭಾಗ ಮಾತ್ರ.

ಬಾವಿಯ ಗುರುತನ್ನು ಹಲಗೆಯ ತುತ್ತತುದಿಯಲ್ಲಿ ಇಡುವುದಿಲ್ಲ. ರಿಫ್ಟ್ ಸೀಳುವಾಗ ಮೇಲೆ ಚಾಚಿದ ಆ ಅಂಚು ಸವೆದು, ಬೇಕಾದ ಮರಳುಶಿಲೆಯೇ ಅಲ್ಲಿ ಇಲ್ಲದಿರಬಹುದು. ಫಾಲ್ಟ್‌ನ ಸ್ಥಾನದಲ್ಲೂ ಹತ್ತಾರು ಮೀಟರ್ ವ್ಯತ್ಯಾಸ ಸಹಜ. ಕೊಂಚ ಇಳಿಜಾರಿಗೆ ಸರಿದು, ಪೂರ್ತಿ ಮರಳಿನ ದಪ್ಪ ಹಾಯುವಂತೆ ಇಡುತ್ತೇನೆ. ಎಣ್ಣೆ ಸಿಕ್ಕರೆ ಒತ್ತಡದ ಅಳತೆಗಳನ್ನು ಆಳದೆದುರು ಗುರುತಿಸುವುದು: ಒತ್ತಡ ಏರುವುದು ನೀರಿನಲ್ಲಿ ಮೀಟರಿಗೆ ಸುಮಾರು 1.42 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಹಗುರ ಎಣ್ಣೆ 1.1ರ ಹತ್ತಿರ, ಅನಿಲ 0.3ರ ಆಸುಪಾಸು. ಎಣ್ಣೆಯ ಗೆರೆ ನೀರಿನ ಗೆರೆಯನ್ನು ಕೂಡುವ ಆಳ ನನ್ನ ಸ್ಪಿಲ್ ಪಾಯಿಂಟ್‌ಗಿಂತ ಕೆಳಗಿದ್ದರೆ ನಕ್ಷೆ ತಪ್ಪಿರಬೇಕು, ಇಲ್ಲವೇ ಮರಳುಶಿಲೆಯೇ ಪಕ್ಕಕ್ಕೆ ಮುಗಿದು ಟ್ರ್ಯಾಪನ್ನು ಹಿಗ್ಗಿಸಿರಬೇಕು. ಬಾವಿ ಬರಿದಾದರೂ ಚೆಕ್‌ಶಾಟ್ ಬಿಡುವುದಿಲ್ಲ. ಆ ವೇಗ ಹಾಕಿ ಅಕ್ಕಪಕ್ಕದ ಉಬ್ಬುಗಳ ಆಳವನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ ಒಂದೆರಡು ಪಟ್ಟಿಯಿಂದ ಬಿದ್ದುಹೋಗುತ್ತವೆ; ಮೊದಲು ತಳ್ಳಿಹಾಕಿದ್ದೊಂದು ಮೇಲಕ್ಕೆ ಬರುವುದೂ ಉಂಟು.